ಯಾರೋ ಬರೆದ ಕಪ್ಪುಪಟ್ಟಿ

ಕಂಪ್ಯೂಟರಿನ ಕೆಲಸ ಅಂದರೆ ಮನುಷ್ಯರ ತಂಟೆ ಇಲ್ಲದ ಕೆಲಸ ಅಂತ ನನ್ನ ಅಮ್ಮ ನಂಬಿದ್ದಳು. ಮದರಾಸಿನ ಅಂಬತ್ತೂರಿನ ಒಂದು ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಮೇಲ್ ವ್ಯವಸ್ಥೆ ನೋಡಿಕೊಳ್ಳುವ ಕೆಲಸಕ್ಕೆ ನಾನು ಸೇರಿ ಹದಿನೆಂಟು ವರ್ಷವಾಯಿತು. ಯಾರಾದರೂ ನನ್ನ ಮೇಜಿನ ಮುಂದೆ ಬಂದು ನಿಂತು ಅಳದ, ಜಗಳಾಡದ ವಾರ ಒಂದೂ ಇಲ್ಲ. ಮೇಲ್ ಬಂದರೆ ಒಂದು ಗಲಾಟೆ, ಬಾರದಿದ್ದರೆ ಇನ್ನೊಂದು. ಈಗ ಹೇಳಹೊರಟಿರುವವು ಬಾರದೇ ಹೋದ ಮೇಲ್‌ಗಳ ಗಲಾಟೆಗಳು. ಎಲ್ಲವೂ ನಾನು ಸೇರಿದ ಮೊದಲ ಆರು ವರ್ಷಗಳಲ್ಲಿ ಆದವು, ಮತ್ತು ಎಲ್ಲದಕ್ಕೂ ಕಾರಣ ನಾನೇ.

೧. ಬೋಳುತಲೆಯ ಗುಟ್ಟು

ನಮ್ಮ ಕಾರ್ಖಾನೆಯ ಯಜಮಾನರನ್ನು ಎಲ್ಲರೂ ಮುದಲಾಳಿ ಎಂದೇ ಕರೆಯುವುದು. ತಮಿಳರು, ದೈವಭಕ್ತರು, ಬೆಳಗ್ಗೆ ಹಣೆಗೆ ವಿಭೂತಿ ಇಟ್ಟುಕೊಂಡು ಬಂದವರೇ ಮೊದಲು ಮೇಲ್ ನೋಡುವರು. ನಾನು ಸೇರಿದ ಎರಡನೇ ವಾರ ನನ್ನನ್ನು ಒಳಗೆ ಕರೆಸಿ ಬಾಗಿಲು ಹಾಕಿಸಿದರು. ಕೆಲಸ ಹೋಯಿತು ಅಂದುಕೊಂಡೆ.

"ಅಮ್ಮಾ, ಒಂದು ವಿಷಯ. ಹೊರಗೆ ಯಾರಿಗೂ ಹೇಳಬಾರದು" ಎಂದು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಒಂದೇ ರಾತ್ರಿಯಲ್ಲಿ ಕೂದಲು ಬೆಳೆಸುವ ಎಣ್ಣೆಯ ಜಾಹೀರಾತು. ಅಂಥವು ಮೂವತ್ತೆರಡು ಇದ್ದವು.

"ಇವು ಎಲ್ಲರಿಗೂ ಬರುತ್ತವೆ ಸರ್. ಕಸದ ಮೇಲ್."

"ಎಲ್ಲರಿಗೂ ಬರಲಿ. ಆದರೆ ನನ್ನ ತಲೆ ಬೋಳು ಅಂತ ಇವರಿಗೆ ಹೇಳಿದ್ದು ಯಾರು? ಅದು ಗೊತ್ತಾಗಬೇಕು."

ಅವರಿಗೆ ಅಕೌಂಟ್ಸ್ ವಿಭಾಗದ ಮೇಲೆ ಅನುಮಾನವಿತ್ತು.

ಅವರನ್ನು ಸಮಾಧಾನ ಮಾಡಲು ನಾನು ಒಂದು ಸುಲಭದ ದಾರಿ ಹಿಡಿದೆ. ಹೊರದೇಶಗಳಲ್ಲಿ ಕೆಲವರು ಒಂದು ಕಪ್ಪುಪಟ್ಟಿ ಇಟ್ಟುಕೊಂಡಿರುತ್ತಾರೆ. ಎಲ್ಲೆಲ್ಲಿಂದ ಕಸದ ಮೇಲ್ ಹೊರಡುತ್ತದೋ ಆ ಇಂಟರ್ನೆಟ್ ಸಂಪರ್ಕದ ನಂಬರುಗಳು ಅದರಲ್ಲಿರುತ್ತವೆ. ನಮ್ಮ ಬಾಗಿಲಿಗೆ ಮೇಲ್ ಬಂದ ಕೂಡಲೇ ನಮ್ಮ ಸರ್ವರ್ ಆ ಪಟ್ಟಿಯನ್ನು ಕೇಳುತ್ತದೆ, "ಇವನು ಹೇಗೆ?" "ಕೆಟ್ಟವನು" ಎಂದು ಉತ್ತರ ಬಂದರೆ ಹೊಸ್ತಿಲಿಂದಲೇ ವಾಪಸ್. ನಾನು ಏನೂ ಯೋಚಿಸಬೇಕಾಗಿಲ್ಲ. ಅದೇ ಅದರ ಸೊಗಸು. ಅದೇ ಅದರ ಪೀಡೆ ಅಂತ ಗೊತ್ತಾಗಲು ನನಗೆ ತಡವಾಯಿತು.

ಮರುದಿನ ಎಣ್ಣೆಯ ಮೇಲ್ ಒಂದೂ ಬರಲಿಲ್ಲ. ಮುದಲಾಳಿ ಸಂಜೆಯವರೆಗೂ ಕಾದರು. ಆಮೇಲೆ ನನ್ನ ಮೇಜಿನ ಹತ್ತಿರ ಬಂದು, ಅತ್ತ ಇತ್ತ ನೋಡಿ, ಮೆಲ್ಲನೆ ಕೇಳಿದರು.

"ಅದರಲ್ಲಿ ಒಂದು ಎಣ್ಣೆ ಕೇರಳದ್ದಿತ್ತು ಅಮ್ಮಾ. ಅದೊಂದನ್ನು ಮಾತ್ರ ಬಿಡಬಹುದಾ?"

೨. ಉಣ್ಣದೆ ಹೇಗೆ ಹೇಳಿದ?

ನನ್ನ ದೊಡ್ಡಪ್ಪ ತ್ರಿಪ್ಲಿಕೇನಿನಲ್ಲಿ ಮೆಸ್ ನಡೆಸುತ್ತಿದ್ದರು. ಹದಿನಾಲ್ಕನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಮದರಾಸಿಗೆ ಬಂದು, ಪಾತ್ರೆ ತೊಳೆದು, ದೋಸೆ ಕಲ್ಲಿನ ಮುಂದೆ ನಿಂತು, ಕೊನೆಗೆ ತಮ್ಮದೇ ಹತ್ತು ಮೇಜು ಹಾಕಿದವರು. ಆ ವರ್ಷ ನಮ್ಮ ಕಾರ್ಖಾನೆಯ ಆಯುಧಪೂಜೆಯ ಊಟಕ್ಕೆ ನಾನೇ ಅವರ ಹೆಸರು ಹೇಳಿದೆ. ಆಫೀಸಿನಿಂದ ಅವರಿಗೆ ಮೇಲ್ ಹೋಯಿತು. ಉತ್ತರ ಬರಲಿಲ್ಲ. ನಾಲ್ಕು ದಿನ ಕಾದು ಮುದಲಾಳಿ, "ನಿನ್ನ ದೊಡ್ಡಪ್ಪನಿಗೆ ನಮ್ಮ ಊಟ ಬೇಡವೇನೋ" ಎಂದರು. ನನಗೆ ಮುಖ ಎತ್ತಲಾಗಲಿಲ್ಲ.

ಐದನೇ ದಿನ ದೊಡ್ಡಪ್ಪ ಎರಡು ಬಸ್ಸು ಬದಲಿಸಿ ಅಂಬತ್ತೂರಿಗೇ ಬಂದರು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಿಳಿ ಶರಟು. ಕೈಯಲ್ಲಿ ನಾಲ್ಕಾಗಿ ಮಡಚಿದ ಕಾಗದ. ಮಗಳ ಹತ್ತಿರ ಮೂರು ಸಲ ಮೇಲ್ ಟೈಪ್ ಮಾಡಿಸಿ ಕಳಿಸಿದ್ದರಂತೆ, ಮೂರು ಸಲವೂ ತಿರುಗಿ ಬಂದಿತ್ತು. ತಿರುಗಿ ಬಂದದ್ದನ್ನು ಪ್ರಿಂಟ್ ತೆಗೆಸಿಕೊಂಡು ಬಂದಿದ್ದರು.

"ಎಂತದ್ದು ಮಗಾ ಇದು? ಇದರಲ್ಲಿ ಬ್ಲ್ಯಾಕ್ ಲಿಸ್ಟ್ ಅಂತ ಉಂಟು. ನಲವತ್ತು ವರ್ಷ ಸಾರು ಮಾಡಿದವ ನಾನು. ಒಂದು ದಿನ ಹಳಸಿದ್ದು ಬಡಿಸಿದ್ದಿಲ್ಲ."

ನಾನು ಕುರ್ಚಿ ಕೊಟ್ಟು, ನೀರು ಕೊಟ್ಟು, ಪಟ್ಟಿ ನೋಡಿದೆ. ಮೆಸ್ಸಿನ ಮೇಲಿನ ಮಹಡಿಯಲ್ಲಿ ಒಂದು ಲಾಡ್ಜ್. ಎರಡಕ್ಕೂ ಒಂದೇ ಇಂಟರ್ನೆಟ್ ಸಂಪರ್ಕ. ಲಾಡ್ಜಿನ ಯಾವುದೋ ಕಂಪ್ಯೂಟರಿಗೆ ವೈರಸ್ ಬಂದು, ಅದು ದಿನವಿಡೀ ಲೋಕಕ್ಕೆಲ್ಲ ಕಸ ಕಳಿಸುತ್ತಿತ್ತು.

"ತಪ್ಪು ನಿಮ್ಮದಲ್ಲ ದೊಡ್ಡಪ್ಪಾ. ಮೇಲಿನವರದು. ಇಬ್ಬರಿಗೂ ನಂಬರ್ ಒಂದೇ, ಹಾಗಾಗಿ ನಿಮ್ಮನ್ನೂ ಸೇರಿಸಿಬಿಟ್ಟಿದ್ದಾರೆ."

"ಮೇಲಿನವ ಕೆಮ್ಮಿದ್ದಕ್ಕೆ ನನಗೆ ಕಷಾಯ ಕುಡಿಸೋದಾ?"

"ಹಾಗೇ ಆಗಿದೆ."

"ಈ ಪಟ್ಟಿ ಬರೆದವ ಯಾರು?"

"ಗೊತ್ತಿಲ್ಲ. ಯಾವುದೋ ದೇಶದಲ್ಲಿದ್ದಾನೆ."

"ತ್ರಿಪ್ಲಿಕೇನಿಗೆ ಬಂದಿದ್ದಾನಾ?"

"ಇಲ್ಲ."

"ನಮ್ಮಲ್ಲಿ ಉಂಡಿದ್ದಾನಾ?"

"ಇಲ್ಲ ದೊಡ್ಡಪ್ಪಾ."

ದೊಡ್ಡಪ್ಪ ಕಾಗದವನ್ನು ಮತ್ತೆ ನಾಲ್ಕಾಗಿ ಮಡಚಿ ಜೇಬಿಗೆ ಇಟ್ಟುಕೊಂಡರು. "ಉಣ್ಣದೆ ಹೇಗೆ ಹೇಳಿದ, ಅವ?"

ಅವರ ನಂಬರನ್ನು ನಾನು ಅಂದೇ ನಮ್ಮ ಬಾಗಿಲಲ್ಲಿ ಬಿಡುವಂತೆ ಮಾಡಿದೆ. ಆಯುಧಪೂಜೆಗೆ ಅವರೇ ನಿಂತು ಬಡಿಸಿದರು. ಪ್ರತಿ ಎಲೆಯ ಮುಂದೆಯೂ ಬಗ್ಗಿ, "ಸಾರು ಸರಿ ಉಂಟಾ? ಬರೆದು ಕೊಡ್ತೀರಾ?" ಎಂದು ಕೇಳುತ್ತಿದ್ದರು. ನೂರಾ ಎಂಬತ್ತು ಜನರ ಸಹಿ ತೆಗೆದುಕೊಂಡು, ಆ ಹಾಳೆಗಳನ್ನು ನನ್ನ ಕೈಗಿಟ್ಟು, "ಇದನ್ನು ಅವನ ದೇಶಕ್ಕೆ ಕಳಿಸು" ಎಂದರು.

೩. ಶುಭಾಶಯ ಹೇಳಿದ ತಪ್ಪಿಗೆ

ಮರುವರ್ಷ ದೀಪಾವಳಿಗೆ ಮುದಲಾಳಿಗೆ ಲೋಕದ ಮೇಲೆಲ್ಲ ಪ್ರೀತಿ ಉಕ್ಕಿತು. ಕಾರ್ಖಾನೆ ಶುರುವಾದಾಗಿನಿಂದ ಯಾರ ಯಾರ ಮೇಲ್ ವಿಳಾಸ ಸಿಕ್ಕಿತ್ತೋ ಅವರಿಗೆಲ್ಲ, ನನಗೆ ಹೇಳದೆಯೇ, ಒಂದೇ ಏಟಿಗೆ ಶುಭಾಶಯ ಕಳಿಸಿಬಿಟ್ಟರು. ಜೊತೆಗೆ ಒಂದು ದೀಪದ ಚಿತ್ರ. ಅದು ಉರಿಯುತ್ತಲೂ ಇತ್ತು. ಆ ವಿಳಾಸಗಳಲ್ಲಿ ಅರ್ಧಕ್ಕರ್ಧ ಯಾರೂ ಬಳಸದೆ ಸತ್ತುಹೋಗಿದ್ದವು, ಕೆಲವು ಇವರನ್ನು ಕಂಡೇ ಇಲ್ಲದವರವು. ಯಾರೋ ದೂರು ಕೊಟ್ಟರು. ಮರುದಿನ ಬೆಳಗ್ಗೆ ನಮ್ಮ ಕಾರ್ಖಾನೆಯ ನಂಬರೇ ಕಪ್ಪುಪಟ್ಟಿಯಲ್ಲಿತ್ತು.

ಮುದಲಾಳಿಗೆ ಹೇಳಿದಾಗ ಅವರು, "ನಾನು ಚೆನ್ನಾಗಿರಿ ಅಂದೆ ಅಷ್ಟೇ ಅಲ್ವಾ ಅಮ್ಮಾ?" ಎಂದರು. ಆ ಮುಖ ನೋಡಿ ನನಗೂ ಸಂಕಟವಾಯಿತು.

ಪಟ್ಟಿಯಿಂದ ಹೊರಬರಲು ಒಂದು ಅರ್ಜಿ ತುಂಬಬೇಕಿತ್ತು. ಅದರಲ್ಲಿ ಒಂದು ಪ್ರಶ್ನೆ: 'ಇಂಥ ದುರ್ನಡತೆ ಮರುಕಳಿಸದಂತೆ ನೀವು ಕೈಗೊಂಡ ಕ್ರಮವೇನು?' ನಾನು ಕೀಬೋರ್ಡಿನ ಮೇಲೆ ಬೆರಳಿಟ್ಟು ಕಾದೆ. ಮುದಲಾಳಿ ಕಣ್ಣು ಮುಚ್ಚಿ, ನ್ಯಾಯಾಲಯದಲ್ಲಿ ನಿಂತವರಂತೆ ಹೇಳಿದರು.

"ಬರಿ. ಇನ್ನು ಮುಂದೆ ನಾನು ಯಾರಿಗೂ ಒಳ್ಳೆಯದನ್ನು ಬಯಸುವುದಿಲ್ಲ."

೪. ಫ್ಯಾನಿನ ಜಗಳ

ಆ ಅರ್ಜಿಗೆ ಉತ್ತರ ಬರಲು ಮೂರು ದಿನ ಹಿಡಿಯಿತು. ಆ ಮೂರು ದಿನ ನಡೆದದ್ದನ್ನು ಬೇರೆಯಾಗಿಯೇ ಹೇಳಬೇಕು.

ಸ್ಟೋರ್ಸ್ ನೋಡಿಕೊಳ್ಳುತ್ತಿದ್ದವರು ಒಬ್ಬ ರಾಯರು. ಮೂರು ತಲೆಮಾರಿನಿಂದ ಮದರಾಸಿನಲ್ಲಿದ್ದ ಕನ್ನಡದವರು. ಖರೀದಿ ವಿಭಾಗಕ್ಕೆ ಒಬ್ಬ ಮೇಡಂ, ತಮಿಳರು. ಇಬ್ಬರ ಮೇಜಿನ ನಡುವೆ ಎದೆಯೆತ್ತರದ ಒಂದು ಹಲಗೆ ಅಷ್ಟೇ. ಆದರೆ ಇಬ್ಬರೂ ಮಾತಾಡಿ ಆರು ವರ್ಷವಾಗಿತ್ತು. ಕಾರಣ ತಲೆಯ ಮೇಲಿನ ಫ್ಯಾನು. ರಾಯರಿಗೆ ಎರಡರಲ್ಲಿ ತಿರುಗಬೇಕು, ಮೇಡಂಗೆ ಐದರಲ್ಲಿ. ಆರು ವರ್ಷವೂ ಕೆಲಸದ ಮಾತೆಲ್ಲ ಮೇಲ್‌ನಲ್ಲೇ ನಡೆದಿತ್ತು. ರಾಯರು ಹಲಗೆಯ ಈಚೆ ಕುಟ್ಟುವುದು, ಆಚೆ ಮೇಡಂ ಓದಿ ಮೂಗು ಮುರಿಯುವುದು.

ನಮ್ಮ ನಂಬರೇ ಕಪ್ಪುಪಟ್ಟಿಗೆ ಸೇರಿದ ಮೇಲೆ ನಮ್ಮದೇ ಸರ್ವರ್ ನಮ್ಮನ್ನೂ ಒಳಗೆ ಬಿಡಲಿಲ್ಲ. ದೊಡ್ಡಪ್ಪನಿಗೆ ಮಾಡಿದಂತೆ ನಮ್ಮ ನಂಬರನ್ನೂ ಬಿಡಿಸಬಹುದೆಂದು ಆ ಗಡಿಬಿಡಿಯಲ್ಲಿ ನನಗೆ ಹೊಳೆಯಲೇ ಇಲ್ಲ. ರಾಯರ ಮೇಲ್ ಹಲಗೆ ದಾಟದೆ ತಿರುಗಿ ಬಂತು. ಆ ಹೊತ್ತಿಗೆ ಸರಿಯಾಗಿ ಗೇಟಿನಲ್ಲಿ ಎರಕದ ಸಾಮಾನಿನ ಲಾರಿ. ಬಂದ ಸಾಮಾನಿಗೂ ಆರ್ಡರಿಗೂ ತಾಳೆಯಾಗುತ್ತಿಲ್ಲ. ಮೇಡಂ ಹೂಂ ಅನ್ನದೆ ಇಳಿಸುವಂತಿಲ್ಲ. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ.

ರಾಯರು ಒಂದು ಚೀಟಿ ಬರೆದು ನನ್ನ ಹತ್ತಿರ ತಂದರು. "ಅಮ್ಮಾ, ಇದನ್ನ ಅವರಿಗೆ ಕೊಟ್ಟುಬಿಡು."

"ರಾಯರೇ, ಅವರು ನಿಮ್ಮ ಪಕ್ಕದಲ್ಲೇ ಇದ್ದಾರೆ."

"ಮೇಲ್ ತಲುಪಿಸೋದು ನಿನ್ನ ಕೆಲಸ ತಾನೆ?"

"ನಾನು ಪೋಸ್ಟ್‌ಮ್ಯಾನ್ ಅಲ್ಲ."

ಹಾರ್ನ್ ಮತ್ತೆ ಕೂಗಿತು. ರಾಯರು ವಾಪಸ್ ಹೋಗಿ ನಿಂತರು. ಹಲಗೆಯ ಮೇಲೆ ಅವರ ಕನ್ನಡಕ ಮಾತ್ರ ಕಾಣುವಂತೆ ಮೊಣಕಾಲು ಬಗ್ಗಿಸಿ, ಗಂಟಲು ಸರಿಮಾಡಿಕೊಂಡು, "ಮೇಡಂ..." ಎಂದರು. ಇಡೀ ಆಫೀಸು ಟೈಪ್ ಮಾಡುವುದನ್ನು ನಿಲ್ಲಿಸಿತು.

ಮೇಡಂ ತಲೆ ಎತ್ತಿದರು. "ಸೊಲ್ಲುಂಗೊ ಸಾರ್" ಎಂದರು. ಹೇಳಿ ಸರ್. ಅಷ್ಟೇ ಮಾತು. ಆದರೆ ಆರು ವರ್ಷದ ಮೇಲಿನದು. ರಾಯರು ಲಾರಿಯ ವಿಷಯವನ್ನೇ ಮರೆತು, "ಫ್ಯಾನು ಜಾಸ್ತಿ ಮಾಡಲಾ?" ಎಂದುಬಿಟ್ಟರು.

ಮೂರು ದಿನದ ನಂತರ ಮೇಲ್ ಸರಿಹೋಯಿತು. ಹೇಳೋಣವೆಂದು ಹೋದರೆ, ರಾಯರು ಹಲಗೆಯ ಮೇಲೆ ಮೊಳಕೈ ಊರಿ ನಿಂತಿದ್ದಾರೆ, ಮೇಡಂ ತಮ್ಮ ಡಬ್ಬಿಯಿಂದ ಅವರಿಗೆ ನಿಂಬೆ ಚಿತ್ರಾನ್ನ ಹಾಕುತ್ತಿದ್ದಾರೆ. ರಾಯರು ನನ್ನನ್ನು ನೋಡಿ ಪಕ್ಕಕ್ಕೆ ಕರೆದರು.

"ಸರಿಹೋಯ್ತಾ?"

"ಹೋಯ್ತು ರಾಯರೇ."

"ಹೋಗಲಿ ಬಿಡು. ಅವರಿಗೆ ಹೇಳಬೇಡ."

೫. ಬೇಜಾರಾದ ಮನುಷ್ಯ

ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಒಂದು ಪಟ್ಟಿ ಸಾಲದು ಅಂತ ಇನ್ನೊಂದನ್ನೂ ಸೇರಿಸಿದ್ದೆ. ಅದನ್ನು ನಡೆಸುತ್ತಿದ್ದವನು ಒಬ್ಬನೇ ಮನುಷ್ಯ. ಎಲ್ಲೋ ದೂರದ ಊರಿನಲ್ಲಿ, ತನ್ನ ಮನೆಯಲ್ಲೇ ಕೂತು, ಯಾರಿಂದಲೂ ಏನನ್ನೂ ಕೇಳದೆ, ವರ್ಷಗಟ್ಟಲೆ ಕೆಟ್ಟವರ ನಂಬರು ಬರೆಯುತ್ತಿದ್ದ.

ಒಂದು ಸೋಮವಾರ ಯಾರಿಗೂ ಒಂದೇ ಒಂದು ಮೇಲ್ ಇಲ್ಲ. ಮುದಲಾಳಿ ಸಂತೋಷದಿಂದ ಹೊರಗೆ ಬಂದರು. "ಅಮ್ಮಾ, ಇವತ್ತು ಒಂದು ಕಸವೂ ಇಲ್ಲ! ಕೈ ಮುಗೀಬೇಕು ನಿನಗೆ." ನಾನೂ ವಿನಯದಿಂದ ತಲೆ ತಗ್ಗಿಸಿದೆ. ಹನ್ನೊಂದು ಗಂಟೆಗೆ ಕೊಯಮತ್ತೂರಿನ ಗಿರಾಕಿಯೊಬ್ಬರು ಫೋನ್ ಮಾಡಿ, "ಕಾರ್ಖಾನೆ ಮುಚ್ಚಿಬಿಟ್ರಾ? ನಮ್ಮ ಮೇಲ್ ಎಲ್ಲ ತಿರುಗಿ ಬರ್ತಾ ಇದೆ" ಎಂದರು.

ಹುಡುಕಿದರೆ ವಿಷಯ ಹೀಗಿತ್ತು. ಆ ಮನುಷ್ಯನಿಗೆ ಸಾಕಾಗಿತ್ತು. ಪಟ್ಟಿ ನಿಲ್ಲಿಸುತ್ತೇನೆ, ಇನ್ನು ನನ್ನನ್ನು ಕೇಳಬೇಡಿ ಎಂದು ತನ್ನ ವೆಬ್‌ಸೈಟಿನಲ್ಲಿ ತಿಂಗಳ ಹಿಂದೆಯೇ ಬರೆದಿದ್ದ. ನಾನು ಓದಿರಲಿಲ್ಲ. ನನ್ನಂಥವರು ಸಾವಿರಾರು ಮಂದಿ ಕೇಳುತ್ತಲೇ ಇದ್ದರು. ಕೊನೆಗೆ ಅವನು, ಯಾರನ್ನು ಕೇಳಿದರೂ "ಕೆಟ್ಟವನು" ಎಂದೇ ಉತ್ತರ ಬರುವಂತೆ ಮಾಡಿ ಎದ್ದುಹೋಗಿದ್ದ. ಅಂದು ಬೆಳಗ್ಗೆ ಲೋಕದಲ್ಲಿ ಒಳ್ಳೆಯವರು ಒಬ್ಬರೂ ಇರಲಿಲ್ಲ.

ಬೈಗುಳಕ್ಕೆ ಸಿದ್ಧಳಾಗಿ ಎಲ್ಲ ಹೇಳಿದೆ. ಮುದಲಾಳಿ ಕೇಳಿ ಮೆತ್ತಗಾದರು.

"ಪಾಪ. ಎಷ್ಟು ವರ್ಷ ಒಬ್ಬನೇ ಮಾಡಿದ್ದಾನೆ. ಒಂದು ಥ್ಯಾಂಕ್ಸ್ ಹೇಳಿದ್ದೀವಾ ನಾವು? ಅವನಿಗೊಂದು ಮೇಲ್ ಬರಿ. ಹೇಗಿದ್ದೀಯಪ್ಪಾ ಅಂತ ಕೇಳು."

ಬರೆದೆ. ಅವನು ಉತ್ತರ ಬರೆದನೋ ಇಲ್ಲವೋ ಅಂತ ಮುದಲಾಳಿ ಸಂಜೆ ಕೇಳಿದರು. ಸರ್ವರಿನ ದಾಖಲೆ ನೋಡಿದೆ. ಕೂಡಲೇ ಬರೆದಿದ್ದ. ಆದರೆ ಆ ಹೊತ್ತಿಗೆ ಎರಡನೇ ಪಟ್ಟಿಯನ್ನು ನಾನಿನ್ನೂ ತೆಗೆದಿರಲಿಲ್ಲ. ಅವನ ಉತ್ತರ ನಮ್ಮ ಬಾಗಿಲಿಂದ ವಾಪಸ್ ಹೋಗಿತ್ತು. ಅವನ ಪಟ್ಟಿಯಲ್ಲಿ ಅವನೂ ಕೆಟ್ಟವನೇ.

೬. ವಿಚಾರಣೆಗೆ ಈ ನಂಬರಿಗೆ ಕರೆಮಾಡಿ

ಆ ಎರಡನೇ ಪಟ್ಟಿಯನ್ನು ಅಂದೇ ಕಿತ್ತೆ. ಮೊದಲನೆಯದನ್ನು ಯಾಕೆ ತೆಗೆದೆ ಎಂಬುದಕ್ಕೆ ನಾನು ಮುದಲಾಳಿಗೆ ಕೊಟ್ಟ ಕಾರಣ ತಾಂತ್ರಿಕವಾದದ್ದು. ನಿಜವಾದ ಕಾರಣ ಇದು.

ನನಗೆ ಆಗ ಇಪ್ಪತ್ತೊಂಬತ್ತು. ಹುಡುಗಿ ನೋಡಲು ಕೋಡಂಬಾಕ್ಕಂನಿಂದ ಒಂದು ಕನ್ನಡದ ಕುಟುಂಬ ಬಂತು. ಹುಡುಗ ಒಂದು ಡಬ್ಬಿಂಗ್ ಸ್ಟುಡಿಯೋದಲ್ಲಿ ಸೌಂಡ್ ಎಂಜಿನಿಯರ್. ಹಾಡಲು ಬರುತ್ತಾ ಎಂದು ಅವರಮ್ಮ ನನ್ನನ್ನು ಕೇಳಿದಾಗ ಅವರು ನಡುವೆ ಬಂದು, "ಬೇಡಮ್ಮಾ, ದಿನವೆಲ್ಲ ಕೇಳಿ ಕೇಳಿ ಬಂದಿರ್ತೀನಿ" ಎಂದರು. ನನಗೆ ಅಲ್ಲೇ ಇಷ್ಟವಾಗಿಬಿಟ್ಟಿತು. ನಾನು ಅವರ ಹತ್ತಿರ ಆಡಿದ್ದು "ಸಕ್ಕರೆ ಸಾಕಾ?" ಎಂಬ ಎರಡೇ ಮಾತು. ನನ್ನ ಫೋನ್ ನಂಬರು ಕೇಳಲು ಅವರಿಗೆ ಸಂಕೋಚ. ಹೊರಡುವಾಗ ಅಪ್ಪನ ಹತ್ತಿರ ನನ್ನ ಆಫೀಸಿನ ಮೇಲ್ ವಿಳಾಸ ಮಾತ್ರ ಬರೆಸಿಕೊಂಡರು.

ಮೂರು ವಾರ ಸುದ್ದಿ ಇಲ್ಲ. ಅಪ್ಪ, "ಬೇರೆ ನೋಡೋಣ ಬಿಡು" ಎಂದರು. ನಾನು "ಸರಿ" ಎಂದು ಒಳಗೆ ಹೋಗಿ, ಹಿತ್ತಲ ಕಲ್ಲಿನ ಮೇಲೆ ಒಗೆದಿದ್ದ ಬಟ್ಟೆಯನ್ನೇ ಮತ್ತೊಮ್ಮೆ ಒಗೆದೆ.

ಒಂದು ಮಧ್ಯಾಹ್ನ ನನ್ನ ಮೇಜಿನ ಫೋನ್ ಬಡಿಯಿತು. "ಮೇಲ್ ವಿಭಾಗ, ಸೊಲ್ಲುಂಗೊ" ಎಂದೆ. ಒಂದು ಕ್ಷಣ ಮೌನ. ಆಮೇಲೆ ಗಂಡಸಿನ ದನಿ, ತಮಿಳಿನಲ್ಲಿ.

"ಮೇಡಂ, ನಿಮ್ಮ ಆಫೀಸಿನ ಒಬ್ಬರಿಗೆ ಎರಡು ಸಲ ಮೇಲ್ ಕಳಿಸಿದೆ. 'ನಿಮ್ಮ ಕಡೆಯ ಹೆಸರು ಚೆನ್ನಾಗಿಲ್ಲದ ಕಾರಣ ನಿಮ್ಮಿಂದ ಏನನ್ನೂ ಸ್ವೀಕರಿಸುವುದಿಲ್ಲ. ಇದೇ ಕೊನೆಯ ತೀರ್ಮಾನ. ವಿಚಾರಣೆಗೆ ಈ ನಂಬರಿಗೆ ಕರೆಮಾಡಿ' ಅಂತ ಇಂಗ್ಲಿಷಿನಲ್ಲಿ ಉತ್ತರ ಬಂತು. ಅದು ಅವರು ಹೇಳಿದ್ದಾ, ಕಂಪ್ಯೂಟರ್ ಹೇಳಿದ್ದಾ?"

ಆ ವಾಕ್ಯಗಳನ್ನು ಕೆಲಸಕ್ಕೆ ಸೇರಿದ ಹುರುಪಿನಲ್ಲಿ ಬರೆದಿಟ್ಟವಳು ನಾನೇ. ದನಿ ಯಾರದೆಂದು ನನಗೆ ಗೊತ್ತಾಗಿತ್ತು. ಅವರ ಮೇಲ್ ಹೊರಡುತ್ತಿದ್ದ ಸರ್ವರಿನಲ್ಲಿ ಇನ್ಯಾರೋ ನಕಲಿ ಮಾತ್ರೆ ಮಾರುತ್ತಿದ್ದರು, ಅಷ್ಟೇ ಇವರ ಅಪರಾಧ. 'ನಾನೇ' ಎಂದು ಹೇಳಬೇಕಿತ್ತು. ಬಾಯಿ ಬರಲಿಲ್ಲ. ದನಿ ಗಟ್ಟಿಮಾಡಿಕೊಂಡು ತಮಿಳಿನಲ್ಲೇ, "ಕಂಪ್ಯೂಟರ್ ಹೇಳಿದ್ದು ಸರ್" ಎಂದೆ. ಆ ಕಡೆ ಉಸಿರು ಬಿಟ್ಟದ್ದು ಕೇಳಿಸಿತು.

"ಹಾಗಾದರೆ ಹೇಗಾದರೂ ತಲುಪಿಸ್ತೀರಾ? ಬರೋ ಭಾನುವಾರ ನಮ್ಮಮ್ಮ ಬೇರೆ ಕಡೆ ಹುಡುಗಿ ನೋಡೋಕೆ ಹೊರಟಿದ್ದಾರೆ."

"ಪರಿಶೀಲನೆಗೆ ವಿಷಯ ಏನು ಅಂತ ತಿಳೀಬೇಕು ಸರ್."

"ಓದಲಾ? ಕನ್ನಡದಲ್ಲಿದೆ. ನಿಮಗೆ ಕನ್ನಡ ಬರುತ್ತಾ ಮೇಡಂ?"

"ಬರಲ್ಲ ಸರ್."

"ಪರವಾಗಿಲ್ಲ. ಒಂದೊಂದು ಸಾಲೂ ಓದಿ, ತಮಿಳಿನಲ್ಲಿ ಅರ್ಥ ಹೇಳ್ತೀನಿ."

ಓದತೊಡಗಿದರು. "ನಿಮ್ಮ ಅಜ್ಜಿಗೆ ಕಿವಿ ಕೇಳಿಸೋದಿಲ್ಲ ಅಂತ, ಅಂದು ನಡೆದ ಮಾತನ್ನೆಲ್ಲ ನೀವು ಅವರ ಪಕ್ಕ ಕೂತು ಕೈಸನ್ನೆಯಲ್ಲಿ ಹೇಳುತ್ತಾ ಇದ್ದಿರಿ. ನಾನು ಬೇರೆಯವರ ಮಾತು ಕೇಳಲೇ ಇಲ್ಲ, ನಿಮ್ಮ ಕೈಗಳನ್ನೇ ನೋಡುತ್ತಿದ್ದೆ." ಇದರ ಅರ್ಥವನ್ನು ತಮಿಳಿನಲ್ಲಿ, ಪಾಠ ಹೇಳುವಂತೆ ನಿಧಾನವಾಗಿ ಹೇಳಿದರು. ನಾನು "ಹೂಂ, ಮುಂದೆ" ಎಂದೆ. "ನನಗೆ ಈ ಸಂಬಂಧ ಇಷ್ಟ. ನಿಮಗೆ ಇಷ್ಟವಿಲ್ಲದಿದ್ದರೆ ಇದಕ್ಕೆ ಉತ್ತರ ಬರೆಯಬೇಡಿ. ನಾನು ಅರ್ಥ ಮಾಡಿಕೊಳ್ಳುತ್ತೇನೆ." ಅದರ ತಮಿಳು ಅರ್ಥ ಮುಗಿಯುವ ಹೊತ್ತಿಗೆ ನನಗೆ ಎದುರಿನ ಪರದೆ ಮಂಜಾಗಿತ್ತು. ಉತ್ತರ ಬಾರದಿದ್ದರೆ ಬೇಡ ಎಂದು ಅರ್ಥ. ಯಾವನೋ ಗುರುತಿಲ್ಲದವನ ಪಟ್ಟಿಯನ್ನು ನಂಬಿ, ನಾನು ಬೇಡ ಎಂದುಬಿಟ್ಟಿದ್ದೆ, ಅದೂ ಎರಡು ಸಲ.

"ಅಷ್ಟೇ ಮೇಡಂ. ಉತ್ತರ ಯಾವಾಗ ಬರಬಹುದು?"

"ಅವರಿಗೆ ಇಷ್ಟ ಇದೆ" ಎಂದುಬಿಟ್ಟೆ. ಕನ್ನಡದಲ್ಲಿ.

ಆ ಕಡೆಯಿಂದ, ಕನ್ನಡದಲ್ಲೇ, ಮೆಲ್ಲಗೆ, "ಥ್ಯಾಂಕ್ಸ್. ಅಜ್ಜಿಗೂ ಹೇಳಿ" ಎಂದು ಕೇಳಿಸಿತು.

"ನಾನೇ ಅಂತ... ಯಾವಾಗ ಗೊತ್ತಾಯ್ತು ನಿಮಗೆ?"

"ಮೊದಲ 'ಸೊಲ್ಲುಂಗೊ'ಗೇ. ದನಿ ಗುರುತು ಹಿಡಿಯೋದೇ ಅಲ್ವಾ ನನ್ನ ಕೆಲಸ."

ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂತು. "ಮತ್ತೆ ಕಾಲು ಗಂಟೆ ಕೂತು ಒಂದೊಂದು ಸಾಲಿಗೂ ತಮಿಳಿನಲ್ಲಿ ಅರ್ಥ ಹೇಳಿದ್ದು ಯಾಕೆ?"

"ಕನ್ನಡ ಬರಲ್ಲ ಅಂತ ನೀವೇ ಅಂದ್ರಲ್ಲ. ಮದುವೆಗೆ ಮುಂಚೆಯೇ ನಿಮ್ಮ ಮಾತಿಗೆ ಎದುರಾಡೋದು ಯಾಕೆ ಅಂತ."